ಸರದಿ ಕಥೆಯ ಐದನೆಯ ಅಧ್ಯಾಯ

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದ ಆ ಹೆಂಗಸಿಗೆ ಜನ ಇಟ್ಟಿದ್ದ ಹೆಸರು ಕಡ್ಡಿಪೆಟ್ಟಿಗೆ. ಎದುರಿಗೆ ಹಾಗೆ ಕರೆಯುವಷ್ಟು ಎದೆಗಾರಿಕೆ ಯಾರಿಗೂ ಇರಲಿಲ್ಲ. ಎದುರಿಗೆ ಅವಳು ಎಲ್ಲರಿಗೂ ಅಕ್ಕ. ದೊಡ್ಡ ಡಾಕ್ಟರಿಗೂ ಅಕ್ಕನೇ. ಬೆನ್ನ ಹಿಂದಿನ ಹೆಸರು ಅವಳ ಕಿವಿಗೆ ಬಿದ್ದಿರಲಿಲ್ಲವೆಂದಲ್ಲ. ಬಿದ್ದಿತ್ತು, ಒಳಗೊಳಗೆ ಇಷ್ಟವೂ ಆಗಿತ್ತು. ಮೆತ್ತಗಿದ್ದವರನ್ನು ಈ ಆಸ್ಪತ್ರೆ ಹಿಂಡಿ ಹಗ್ಗದ ಮೇಲೆ ಒಣಹಾಕುತ್ತದೆ ಎಂದು ಅವಳು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳುತ್ತಿದ್ದಳು.

ಸಿಟ್ಟಿಗೆ ಕಾರಣಗಳೇನೂ ಕಡಿಮೆ ಇರಲಿಲ್ಲ. ಮೂರು ಮಹಡಿಗಳ ಹಾಸು, ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಲ್ಲವೂ ಒಗೆದು ಒಣಗಿ ಅವಳ ಕೋಣೆಗೇ ಬರಬೇಕು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಹರಿದದ್ದನ್ನು ಹೊಲಿಗೆಯ ಬುಟ್ಟಿಗೆ ಹಾಕಿ, ಮಿಕ್ಕಿದ್ದನ್ನು ವಾರ್ಡಿನ ಮುದ್ರೆ ಮೇಲೆ ಕಾಣುವಂತೆ ಮಡಚಿ ಗೂಡಿನಲ್ಲಿ ಒಟ್ಟಬೇಕು. ಒಟ್ಟಿ ಸೊಂಟ ನೇರ ಮಾಡುವಷ್ಟರಲ್ಲಿ ಯಾವಳೋ ಒಬ್ಬ ನರ್ಸು ಓಡಿಬಂದು ನಡುವಿನಿಂದ ಒಂದು ಹಾಸು ಎಳೆದರೆ ಇಡೀ ಅಟ್ಟಿ ನೆಲಕ್ಕೆ. ಆಗ ಅವಳ ಪಿತ್ತ ನೆತ್ತಿಗೇರುತ್ತಿತ್ತು. ಇಂಥ ಜಗಳಗಳಿಂದ ಮೂರು ಸಲ ಮೆಮೊ ಬಂದಿತ್ತು. ಮೂರನ್ನೂ ಮಡಚಿ, ಅಲುಗಾಡುವ ಮೇಜಿನ ಕಾಲಿನ ಅಡಿಗೆ ಕೊಟ್ಟಿದ್ದಳು.

ಬರೆಯುವವರ ಗುಂಪಿಗೆ ಸೇರಿದ್ದೂ ಜಗಳದಿಂದಲೇ. ಭಾನುವಾರ ಬೆಳಿಗ್ಗೆ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಪತ್ರಿಕೆ ಓದುವುದು ಅವಳ ರೂಢಿ. ತಿಂಗಳ ಮೊದಲ ಭಾನುವಾರ ಬಂತೆಂದರೆ ಮೇಲಿನ ಕೋಣೆಯಲ್ಲಿ ಕುರ್ಚಿ ಎಳೆದಾಡುವ ಸದ್ದು, ನಗು, ಚಪ್ಪಾಳೆ. ಒಂದು ದಿನ ತಡೆಯಲಾರದೆ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು. ಹಳೆಯ ಪತ್ರಿಕೆಗಳ ಕಟ್ಟುಗಳ ನಡುವೆ ಒಂದು ಉದ್ದ ಮೇಜು, ಸುತ್ತ ಆರು ಜನ. ತಲೆಯ ಕಡೆ ಕೂತಿದ್ದವರು ನಿವೃತ್ತ ಪೋಸ್ಟ್ ಮಾಸ್ಟರು. ಅವಳು ಬಾಯಿ ತೆರೆದು ನಾಲ್ಕು ಮಾತಾಡುವಷ್ಟರಲ್ಲಿ ಅವರು ಒಂದು ಹಾಳೆ, ಒಂದು ಪೆನ್ನು ಅವಳತ್ತ ಸರಿಸಿದರು.

"ಈ ತಿಂಗಳ ವಿಷಯ ಸಿಟ್ಟು. ಸರಿಯಾದ ಹೊತ್ತಿಗೇ ಬಂದಿದ್ದೀರಿ. ಕೂತು ಬರೆದುಬಿಡಿ," ಎಂದರು.

ಅವಳು ಕೂತಳು. ಯಾಕೆ ಕೂತಳೆಂದು ಅವಳಿಗೇ ಇವತ್ತಿಗೂ ಗೊತ್ತಿಲ್ಲ. ಆಗಷ್ಟೇ ಮಡಚಿಟ್ಟ ದಿಂಬಿನ ಚೀಲ ತೆಗೆದುಕೊಂಡು ಬೂಟು ಒರೆಸಿಕೊಂಡ ಒಬ್ಬ ಡಾಕ್ಟರನ ಮೇಲೆ ಮೂರು ಪುಟ ಬರೆದಳು. ಬರೆದವರು ತಮ್ಮದನ್ನು ತಾವು ಓದಬಾರದು, ಪಕ್ಕದವರು ಓದಬೇಕು ಎಂಬುದು ಅಲ್ಲಿಯ ಪದ್ಧತಿ. ಅವಳದನ್ನು ಔಷಧಿ ಅಂಗಡಿಯ ಹೆಂಗಸು ಓದಿದಳು. ಓದಿ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಜನ್ಮದಲ್ಲಿ ಮೊದಲ ಸಲ ಅವಳ ಸಿಟ್ಟಿಗೆ ಮೆಮೊ ಬದಲು ಚಪ್ಪಾಳೆ ಸಿಕ್ಕಿತ್ತು. ಮನೆಗೆ ಬಂದವಳು ನೆಲದ ಮೇಲೆ ಕಾಲಿಡದೆ ಓಡಾಡಿದಳು ಎಂದು ತಂಗಿಯ ಮಗಳು ಈಗಲೂ ಆಡಿಕೊಳ್ಳುತ್ತಾಳೆ.

ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಹುಡುಗಿಗೆ ಇಪ್ಪತ್ತೊಂದು. ಎರಡೂವರೆ ವರ್ಷದವಳಾಗಿದ್ದಾಗ ತಾಯಿ ತೀರಿಕೊಂಡಿದ್ದಳು, ತಂದೆ ಅದಕ್ಕೂ ಮೊದಲೇ ಕೆಲಸ ಹುಡುಕಿಕೊಂಡು ಹೋದವನು ತಿರುಗಿ ನೋಡಿರಲಿಲ್ಲ. ಅವಳನ್ನು ಎತ್ತಿ ಆಡಿಸಿ, ಬೈದು, ಓದಿಸಿ ದೊಡ್ಡವಳನ್ನಾಗಿ ಮಾಡಿದ್ದು ದೊಡ್ಡಮ್ಮನೇ. ಈಗ ಹುಡುಗಿ ಗ್ರಂಥಾಲಯದ ಹಿಂದಿನ ಬೀದಿಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದಳು.

ಪೋಸ್ಟ್ ಮಾಸ್ಟರದು ಒಂದು ಕ್ರಮ. ವರ್ಷದ ಆರಂಭಕ್ಕೆ ಹನ್ನೆರಡು ವಿಷಯಗಳನ್ನು ಹನ್ನೆರಡು ಚೀಟಿಯಲ್ಲಿ ಬರೆದು, ಹನ್ನೆರಡು ಲಕೋಟೆಗೆ ಹಾಕಿ ಅಂಟಿಸಿ, ತಮಗೂ ಗುರುತು ಸಿಗದಂತೆ ಕಲಸಿಬಿಡುತ್ತಿದ್ದರು. ತಿಂಗಳಿಗೊಂದು ಲಕೋಟೆ ಒಡೆಯುವುದು. ಬೀಗ, ವಾಸನೆ, ಕಳೆದುಹೋದ ಚಪ್ಪಲಿ, ಹೀಗೆ ಏನು ಬೇಕಾದರೂ ಬರಬಹುದು. ಅವಳು ಚೀಟಿಯ ವಿಷಯವನ್ನು ತಿಂಗಳಿಡೀ ತಲೆಯಲ್ಲಿ ಹೊತ್ತು ತಿರುಗುತ್ತಿದ್ದಳು. ವಾಸನೆ ಬಂದ ತಿಂಗಳು ಗಂಜಿ ಹಾಕಿದ ಬಟ್ಟೆಯನ್ನು ಮೂಗಿಗೆ ಹಿಡಿದು ನಿಂತಿದ್ದ ಅವಳನ್ನು ನೋಡಿ ಜಾಡಮಾಲಿ ಹೆದರಿ ನರ್ಸನ್ನು ಕರೆತಂದಿದ್ದ. ಬೈದಾಡಿದ್ದನ್ನೆಲ್ಲ ಬರೆಯಲು ಕಲಿತ ಮೇಲೆ ಬೈಗುಳ ಸ್ವಲ್ಪ ತಗ್ಗಿತು ಎಂದೇ ಆಸ್ಪತ್ರೆಯವರು ಹೇಳುತ್ತಾರೆ. ಅವರ ಮಾತನ್ನು ಪೂರ್ತಿ ನಂಬಬೇಕಿಲ್ಲ.

ಎರಡು ವರ್ಷ ಹೀಗೆ ಕಳೆದ ಮೇಲೆ ಪೋಸ್ಟ್ ಮಾಸ್ಟರು ಒಂದು ಯೋಜನೆ ತಂದರು. ಏಳು ಜನ ಸೇರಿ ಒಂದೇ ಕಥೆ ಬರೆಯುವುದು. ತಿಂಗಳಿಗೊಬ್ಬರು ಒಂದು ಅಧ್ಯಾಯ, ಆ ತಿಂಗಳ ಲಕೋಟೆಯ ವಿಷಯ ಅದರೊಳಗೆ ಬರಬೇಕು, ಮುಂದಿನವರು ಅಲ್ಲಿಂದ ಎತ್ತಿಕೊಂಡು ಹೋಗಬೇಕು. ಕೊನೆಗೆ ಪುಸ್ತಕ ಮಾಡುವುದು. ಇದಕ್ಕೆ ಸರದಿ ಕಥೆ ಎಂದು ಹೆಸರಿಟ್ಟರು. ಎಲ್ಲರೂ ತಲೆಯಾಡಿಸಿದರು, ಅವಳೊಬ್ಬಳು ತಕರಾರು ತೆಗೆದಳು. ಹಿಂದೊಮ್ಮೆ ಪೋಸ್ಟ್ ಮಾಸ್ಟರು ಖಾರ ಜಾಸ್ತಿಯಾಯಿತು ಎಂದು ಅವಳ ಎರಡು ಸಾಲು ಹೊಡೆದುಹಾಕಿದ್ದರು, ಆ ಉರಿ ಇನ್ನೂ ಆರಿರಲಿಲ್ಲ.

"ಒಬ್ಬರು ಬರೆದಿದ್ದನ್ನ ಇನ್ನೊಬ್ಬರು ಒಂದಕ್ಷರ ಹೊಡೆಯೋ ಹಾಗಿಲ್ಲ. ಬೇಕಿದ್ರೆ ಮುಂದೆ ಬರೀರಿ, ಹಿಂದಿಂದು ಮುಟ್ಟಬೇಡಿ. ಇದಕ್ಕೆ ಒಪ್ಪಿದ್ರೆ ನಾನಿರ್ತೀನಿ," ಎಂದಳು.

ಒಪ್ಪಿದರು. ಒಪ್ಪದೆ ಹೋಗುವುದೆಲ್ಲಿಗೆ? ಗುಂಪಿನ ನೋಟುಪುಸ್ತಕದಲ್ಲಿ ಆ ನಿಯಮ ಬರೆದು ಏಳೂ ಜನ ಸಹಿ ಹಾಕಿದರು. ಎಲ್ಲಕ್ಕಿಂತ ದಪ್ಪ ಸಹಿ ಅವಳದೇ.

ನಾಲ್ಕನೆಯ ಅಧ್ಯಾಯ ಅವಳ ಪಾಲಿಗೆ ಬಂತು. ಲಕೋಟೆಯಲ್ಲಿದ್ದ ವಿಷಯ, ತಡವಾಗಿ ಬಂದವರು. ಕಥೆಯಲ್ಲಿ ಅದಾಗಲೇ ಒಂದು ಬಾಡಿಗೆ ಮನೆ, ಅದರ ಮೇಲಿನ ಮಹಡಿಯಲ್ಲಿ ಯಾರೊಡನೆಯೂ ಬೆರೆಯದ ಒಬ್ಬ ಹೆಂಗಸು ಇದ್ದಳು. ಆ ಹೆಂಗಸಿಗೆ ಅವಳೊಬ್ಬ ತಂಗಿಯನ್ನು ಕೊಟ್ಟಳು. ತಾಯಿ ಹಾಸಿಗೆ ಹಿಡಿದಾಗ ತನಗೆ ಬೇಕಾದವನ ಜೊತೆ ಹೊರಟುಹೋದ ತಂಗಿ. ಮೂರು ವರ್ಷ ತಾಯಿಯ ಮಲಮೂತ್ರ ಬಾಚಿದವಳು ಅಕ್ಕ, ತಾಯಿ ಸಾಯುವಾಗ ಕೇಳಿದ್ದು ತಂಗಿಯನ್ನು. ಹೇಳಿ ಕಳಿಸಿದರೂ ತಂಗಿ ಬರಲಿಲ್ಲ. ಆಮೇಲೆ ನಾಲ್ಕು ತಿಂಗಳು ಕಳೆದು, ಒಂದು ಮಧ್ಯಾಹ್ನ, ಮಗುವನ್ನು ಎತ್ತಿಕೊಂಡು ಬಂದು ಬಾಗಿಲು ತಟ್ಟಿದಳು. ಅಕ್ಕ ಕೆಲಸಕ್ಕೆ ಹೋಗಿದ್ದಳು, ಮನೆಗೆ ಬೀಗ. ತಂಗಿ ಕಾದು ಕಾದು ಹೊರಟುಹೋದಳು. ಹನ್ನೊಂದು ದಿನಕ್ಕೆ ಜ್ವರದಲ್ಲಿ ತೀರಿಕೊಂಡಳು. ಅಕ್ಕ ಮಗುವನ್ನು ಮನೆಗೆ ತಂದಳು.

ಇದು ತನ್ನ ಮನೆಯ ಕಥೆ ಎಂದು ಅವಳು ಗುಂಪಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಹುಡುಗಿಗೆ ಮಾತ್ರ ಓದುತ್ತಿದ್ದಂತೆ ಗೊತ್ತಾಯಿತು. ಅಧ್ಯಾಯಗಳನ್ನೆಲ್ಲ ಟೈಪ್ ಮಾಡುತ್ತಿದ್ದವಳು ಅವಳೇ. ಆ ದಿನ ಅಂಗಡಿಯಿಂದ ಬಂದವಳು ಕಣ್ಣು ಕೆಂಪಗೆ ಮಾಡಿಕೊಂಡು ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡು, ನಿನ್ನ ತಪ್ಪೇನಿದೆ, ನೀನು ಮನೆಯಲ್ಲೇ ಇರಲಿಲ್ಲವಲ್ಲ ಎಂದಳು. ದೊಡ್ಡಮ್ಮ ಹೂಂ ಎಂದಳು. ಹದಿನೆಂಟು ವರ್ಷದಿಂದ ಹೇಳಿಕೊಂಡು ಬಂದಿದ್ದನ್ನು ಆ ದಿನವೂ ಹೇಳಿದಳು, ಅಷ್ಟೇ.

ಮುಂದಿನ ತಿಂಗಳು ಸರದಿ ಬಸ್ ಕಂಡಕ್ಟರನದು. ಮೂವತ್ತು ದಾಟದ ಸಣಕಲು ಮನುಷ್ಯ, ಮೂರು ವರ್ಷದಿಂದ ಗುಂಪಿನಲ್ಲಿದ್ದರೂ ಮೂರು ಮಾತು ಆಡಿದವನಲ್ಲ. ಬಸ್ಸಿನಲ್ಲಿ ದಿನವಿಡೀ ರೈಟ್ ರೈಟ್ ಎಂದು ಅರಚಿ ಅರಚಿ ಅವನ ಪಾಲಿನ ಮಾತೆಲ್ಲ ಅಲ್ಲೇ ಮುಗಿದುಹೋಗುತ್ತದೆ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ಅವನಿಗೆ ಬಂದ ವಿಷಯ, ಸುಳ್ಳು. ಭಾನುವಾರ ಹತ್ತು ಗಂಟೆಗೆ ಎಲ್ಲರೂ ಕೂತರು. ಔಷಧಿ ಅಂಗಡಿಯ ಹೆಂಗಸು ಕನ್ನಡಕ ಏರಿಸಿಕೊಂಡು ಓದತೊಡಗಿದಳು.

ಮೊದಲ ಸಾಲಿನಲ್ಲೇ ಬಾಗಿಲಿಗೆ ಬೀಗ ಇರಲಿಲ್ಲ ಎಂದು ಬರೆದಿದ್ದ ಆ ಕಂಡಕ್ಟರ. ಅಕ್ಕ ಒಳಗೇ ಇದ್ದಳು. ತಂಗಿ ತಟ್ಟಿದ್ದನ್ನು ಕೇಳಿಸಿಕೊಂಡಳು, ಏಳಲಿಲ್ಲ. ಹೊರಗೆ ನಿಂತ ತಂಗಿ ಅಳುತ್ತ, ಕ್ಷಮಿಸು ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ಒಂದು ಸಲ ಬಾಗಿಲು ತೆಗಿ ಎಂದು ಗೋಗರೆದಳು. ಅಕ್ಕ ತೆಗೆಯಲಿಲ್ಲ. ಆಮೇಲೆ ಊರಿಗೆಲ್ಲ ಬೀಗದ ಸುಳ್ಳು ಹೇಳಿ ಆ ಸುಳ್ಳಿನೊಳಗೇ ಮಗುವನ್ನು ಬೆಳೆಸಿದಳು. ಹೀಗೆ ನಾಲ್ಕು ಪುಟ.

ಎಲ್ಲರೂ ಭೇಷ್ ಎಂದರು. ಗುಂಪಿನಲ್ಲಿದ್ದ ಸಂಗೀತದ ಮೇಷ್ಟ್ರು ಕಣ್ಣೊರೆಸಿಕೊಂಡರು. ಪೋಸ್ಟ್ ಮಾಸ್ಟರು ಅಧ್ಯಾಯ ಒಪ್ಪಿಗೆಯಾದ ಗುರುತಿಗೆ ತಮ್ಮ ಹಳೆಯ ತಾರೀಕಿನ ಮುದ್ರೆಯನ್ನು ಶಾಯಿಗೆ ಒತ್ತಿ ಹಾಳೆಯ ಮೇಲೆ ಎತ್ತಿ ಹಿಡಿದಿದ್ದರು. ಅವಳು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

ಅವಳು ಏನೇನು ಅಂದಳು ಎಂದು ಪೂರ್ತಿ ಬರೆದರೆ ಈ ಪುಟ ಸುಟ್ಟುಹೋಗುತ್ತದೆ. ಟಿಕೆಟ್ ಹರಿಯುವ ಕೈಗೆ ಪೆನ್ನು ಕೊಟ್ಟವರಿಗೆ ಬುದ್ಧಿಯಿಲ್ಲ ಎಂದಳು. ಕಂಡವರ ಮನೆಯ ಹೆಣ್ಣುಮಕ್ಕಳ ಬಾಯಿಗೆ ಮಾತು ತುರುಕುವುದಕ್ಕೆ ಇವನ್ಯಾರು ಎಂದಳು. ಅಧ್ಯಾಯ ಪೂರ್ತಿ ಹೊಡೆದುಹಾಕಿ, ಇಲ್ಲದಿದ್ದರೆ ನಾನೇ ಹರಿದುಹಾಕುತ್ತೇನೆ ಎಂದಳು. ಆ ತಂಗಿ ಹಾಗೆ ಗೋಗರೆಯುವವಳೇ ಅಲ್ಲ ಎಂದು ಕೂಗಲು ಬಾಯಿ ತೆರೆದವಳು, ಅಷ್ಟಕ್ಕೇ ನುಂಗಿಕೊಂಡಳು. ಪೋಸ್ಟ್ ಮಾಸ್ಟರು ನೋಟುಪುಸ್ತಕ ತೆಗೆದು ನಿಯಮವನ್ನೂ ಅದರ ಕೆಳಗಿದ್ದ ದಪ್ಪ ಸಹಿಯನ್ನೂ ತೋರಿಸಿದರು. ಅದು ಉರಿಯುವ ಬೆಂಕಿಗೆ ಎಣ್ಣೆ ಸುರಿದಂತಾಯಿತು.

ಕಂಡಕ್ಟರ ಬೆವರುತ್ತಿದ್ದ. ಎದ್ದು ನಿಂತು, ತನಗೂ ಕೇಳಿಸದ ದನಿಯಲ್ಲಿ ಹೇಳಿದ.

"ಅಕ್ಕ, ನೀವೇ ಬರೆದಿದ್ದೀರಿ, ತಂಗಿ ಬಂದು ಬಾಗಿಲು ತಟ್ಟಿದಳು ಅಂತ. ಬೀಗ ನೇತಾಡ್ತಿರೋ ಬಾಗಿಲನ್ನ ಯಾರಾದ್ರೂ ತಟ್ತಾರಾ? ಅಕ್ಕ ಮನೇಲೇ ಇಲ್ಲ ಅಂದ್ರೆ, ತಟ್ಟಿದ್ದು ಅವಳಿಗೆ ಹೆಂಗೆ ಗೊತ್ತಾಯ್ತು? ಹತ್ತು ಸಲ ಓದಿದೆ. ಆ ಅಕ್ಕ ಸುಳ್ಳು ಹೇಳ್ತಿದ್ದಾಳೆ ಅನ್ನಿಸ್ತು. ವಿಷಯಾನೂ ಅದೇ ಬಂದಿತ್ತು. ಬೇಡ ಅಂದ್ರೆ ಬಿಟ್ಬಿಡ್ತೀನಿ, ಬರೀ ಕಥೆ ತಾನೆ."

ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ತಿಂಗಳು ಪೂರ್ತಿ ತಿದ್ದಿ ತೀಡಿದ ಅಧ್ಯಾಯ, ಒಂದೊಂದು ಹಾಳೆಯನ್ನೂ ಬಟ್ಟೆಯಂತೆ ಬೆಳಕಿಗೆ ಹಿಡಿದು ನೋಡಿದ್ದಳು, ಇಷ್ಟು ದೊಡ್ಡ ಹರಕು ಕಣ್ಣಿಗೆ ಬಿದ್ದಿರಲಿಲ್ಲ. ತಟ್ಟಿದ್ದು ಕಿವಿಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು, ಕೈ ತಾನಾಗಿ ಬರೆದುಬಿಟ್ಟಿತ್ತು.

ಹದಿನೆಂಟು ವರ್ಷದ ಹಿಂದೆ ತಂಗಿ ಬಂದ ಆ ದಿನ ಅವಳಿಗೆ ವಾರದ ರಜೆ. ಮನೆಯಲ್ಲಿ ಕೂತು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಮೆಟ್ಟಿಲ ಮೇಲಿನ ಹೆಜ್ಜೆಯಿಂದಲೇ ತಂಗಿ ಎಂದು ತಿಳಿಯಿತು. ಈಗ ಬಂದಳಾ, ತಾಯಿ ಬೂದಿಯಾದ ಮೇಲೆ ಬಂದಳಾ ಎಂದು ಹಲ್ಲು ಕಡಿದಳು. ಇಸ್ತ್ರಿಪೆಟ್ಟಿಗೆಯನ್ನು ಸದ್ದಾಗದಂತೆ ಎತ್ತಿ ನಿಲ್ಲಿಸಿ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಳು. ಇವತ್ತು ನಿಲ್ಲಲಿ, ನಾಳೆ ಮತ್ತೆ ಬರಲಿ, ನಾಲ್ಕು ದಿನ ಬಾಗಿಲು ಕಾದು ಬುದ್ಧಿ ಕಲಿಯಲಿ, ಆಮೇಲೆ ನೋಡೋಣ ಎಂದುಕೊಂಡಳು. ಹೆಜ್ಜೆಗಳು ಕೆಳಗಿಳಿದವು. ಮರುದಿನ ತಂಗಿ ಬರಲಿಲ್ಲ. ಹನ್ನೊಂದನೆಯ ದಿನ ಸಾಮಾನ್ಯ ವಾರ್ಡಿಗೆ ಹೊದಿಕೆ ಕೊಡಲು ಹೋದಾಗ, ಮೂಲೆಯ ಮಂಚದ ಮೇಲೆ, ತಾನೇ ಮಡಚಿದ ಹೊದಿಕೆಯ ಕೆಳಗೆ ತಂಗಿ ಇದ್ದಳು. ಆಗಲೇ ಪ್ರಜ್ಞೆ ಇರಲಿಲ್ಲ. ಮಗು ಮಂಚದ ಕಾಲು ಹಿಡಿದು ನಿಂತಿತ್ತು.

ಇದನ್ನೆಲ್ಲ ಆ ಮೇಲಿನ ಕೋಣೆಯಲ್ಲಿ ಹೇಳುವುದುಂಟೇ? ಅವಳು ಮೇಜಿನ ಮೇಲಿದ್ದ ನಾಲ್ಕು ಹಾಳೆಗಳನ್ನು ಕಿತ್ತುಕೊಂಡಳು. ಆಗ ಕಂಡಕ್ಟರ, ಅದು ನಕಲು, ಮೂಲವನ್ನು ಇಲ್ಲಿಗೆ ಬರುವಾಗಲೇ ಟೈಪಿಗೆ ಕೊಟ್ಟುಬಂದೆ ಎಂದ.

ಮೆಟ್ಟಿಲು ಹೇಗೆ ಇಳಿದಳೋ, ಬೀದಿ ಹೇಗೆ ದಾಟಿದಳೋ. ಹುಡುಗಿ ಇನ್ನೂ ಓದಿರಬಾರದು ಎಂಬುದೊಂದೇ ತಲೆಯಲ್ಲಿ. ಭಾನುವಾರ ಆ ಅಂಗಡಿ ಅರ್ಧ ದಿನ ತೆರೆದಿರುತ್ತದೆ. ಮಾಲೀಕ ಹೊರಗೆ ನಿಂತು ಯಾರೊಡನೆಯೋ ಬಾಡಿಗೆ ಕರಾರಿನ ಪತ್ರದ ಬಗ್ಗೆ ಮಾತಾಡುತ್ತಿದ್ದ. ಒಳಗೆ ಝೆರಾಕ್ಸ್ ಯಂತ್ರದ ಪಕ್ಕದ ಮೇಜಿನಲ್ಲಿ ಹುಡುಗಿ. ಎಡಗಡೆ ಕಂಡಕ್ಟರನ ಹಾಳೆಗಳು, ಕಂಪ್ಯೂಟರಿನ ಪರದೆಯ ತುಂಬ ಅಕ್ಷರ. ಮೂರನೆಯ ಪುಟ ಮುಗಿಯುತ್ತ ಬಂದಿತ್ತು.

"ಅಳಿಸು ಅದನ್ನ," ಎಂದಳು ದೊಡ್ಡಮ್ಮ.

ಹುಡುಗಿ ನಗುತ್ತಲೇ ತಿರುಗಿದಳು. ಕಂಡಕ್ಟರ್ ಅಣ್ಣ ಚೆನ್ನಾಗಿ ತಿರುವು ಕೊಟ್ಟಿದ್ದಾರೆ, ನಿನಗೆ ಕೋಪ ಬರುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು ಎಂದಳು. ಕಥೆ ಎಂದುಕೊಂಡೇ ಟೈಪ್ ಮಾಡಿದ್ದಳು ಪಾಪದವಳು. ದೊಡ್ಡಮ್ಮ ಅಷ್ಟಕ್ಕೆ ನಿಲ್ಲಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಿಟ್ಟು ಅವಳ ಮಾತು ಯಾವತ್ತು ಕೇಳಿತ್ತು? ಅಳಿಸು ಎಂದರೆ ಅಳಿಸಬೇಕು, ಒಂದಕ್ಷರ ಉಳಿಯಬಾರದು, ಆ ದರಿದ್ರದವನ ಹಾಳೆ ಸುಟ್ಟುಹಾಕು ಎಂದು ಕೂಗಾಡಿದಳು. ಹೊರಗೆ ಮಾಲೀಕನ ಮಾತು ನಿಂತಿತು. ಕೂಗುತ್ತ ಕೂಗುತ್ತ ಅವಳ ಗದ್ದ ನಡುಗತೊಡಗಿತು. ಇಪ್ಪತ್ತೊಂದು ವರ್ಷದ ಹುಡುಗಿ ಅವಳ ಕೋಪವನ್ನು ಎಷ್ಟೋ ಬಗೆಯಲ್ಲಿ ನೋಡಿದ್ದಳು. ಗದ್ದ ನಡುಗುವ ಕೋಪ ನೋಡಿರಲಿಲ್ಲ.

ಹುಡುಗಿಯ ನಗು ನಿಂತುಹೋಯಿತು. ಪರದೆಯನ್ನು ಒಮ್ಮೆ ನೋಡಿದಳು, ದೊಡ್ಡಮ್ಮನನ್ನು ಒಮ್ಮೆ ನೋಡಿದಳು.

"ನೀನು ಒಳಗಿದ್ದೆ," ಎಂದಳು.

ದೊಡ್ಡಮ್ಮ ಇಲ್ಲ ಎನ್ನಬಹುದಿತ್ತು. ಹದಿನೆಂಟು ವರ್ಷ ಸರಾಗವಾಗಿ ಬಂದ ಮಾತು ಆಗ ನಾಲಿಗೆಗೆ ಬರಲಿಲ್ಲ. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಹುಡುಗಿಯನ್ನು ಏನೆಂದು ಬೇಡಿಕೊಳ್ಳುವುದು, ಎಲ್ಲಿಂದ ಶುರುಮಾಡುವುದು ಎಂದು ತಿಳಿಯದೆ, ನನಗೆ ಅವಳ ಮೇಲೆ ತುಂಬ ಸಿಟ್ಟಿತ್ತು ಎಂದಷ್ಟೇ ಹೇಳಿದಳು.

ಹುಡುಗಿ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಕಂಡಕ್ಟರನ ಹಾಳೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ಬರೆದಿದಾರಲ್ಲ, ಹೀಗೇ ಅಂದ್ಲಾ ಅಮ್ಮ? ಕಾಲಿಗೆ ಬೀಳ್ತೀನಿ ಅಂತ?"

"ಇಲ್ಲ. ಅವಳು ಯಾರ ಕಾಲಿಗೂ ಬೀಳೋಳಲ್ಲ."

"ಮತ್ತೆ ಏನಂದ್ಲು?"

ದೊಡ್ಡಮ್ಮ ಮುಖ ತಿರುಗಿಸಿದಳು. ಆಗ ಹುಡುಗಿ ಎದ್ದಳು. ಆ ಮನೆಯಲ್ಲಿ ಸಿಟ್ಟು ಒಬ್ಬಳ ಸ್ವತ್ತು ಎಂದು ಇಷ್ಟು ವರ್ಷ ಬೀದಿಯವರೆಲ್ಲ ನಂಬಿದ್ದರು. ನಂಬಿದವರು ಆ ದಿನ ಅಂಗಡಿಯಲ್ಲಿ ಇರಬೇಕಿತ್ತು.

"ಬಾಗಿಲು ತೆಗೀಲಿಲ್ಲ ಅನ್ನೋದು ನಿಂದು. ಅದನ್ನ ನೀನು ಎಷ್ಟು ವರ್ಷ ಬೇಕಾದ್ರೂ ಇಟ್ಕೋ. ಅವಳು ಆಡಿದ ಮಾತು ನಂದು. ನನ್ನ ಹತ್ರ ಅಮ್ಮಂದು ಅಂತ ಏನಿದೆ ಹೇಳು? ಒಂದು ಫೋಟೋ. ಅದರಲ್ಲೂ ಬಾಯಿ ಮುಚ್ಕೊಂಡಿದಾಳೆ. ಅವಳ ದನಿ ಹೆಂಗಿತ್ತು ಅಂತಾನೂ ನಂಗೆ ಗೊತ್ತಿಲ್ಲ. ನೀನು ಕೇಳಿಸ್ಕೊಂಡು ಕೂತಿದ್ದೆ. ಕೇಳಿಸ್ಕೊಂಡು, ಹದಿನೆಂಟು ವರ್ಷ ನುಂಗ್ಕೊಂಡಿದ್ದೆ. ಯಾರು ಕೊಟ್ರು ನಿಂಗೆ ಆ ಅಧಿಕಾರ?"

ದೊಡ್ಡಮ್ಮನಿಗೆ ಇದು ಎಂದೂ ಹೊಳೆದಿರಲಿಲ್ಲ. ಬಾಗಿಲ ವಿಷಯಕ್ಕೆ ಬೈಸಿಕೊಳ್ಳಲು ಅವಳು ಹದಿನೆಂಟು ವರ್ಷದಿಂದ ಬೆನ್ನು ಗಟ್ಟಿಮಾಡಿಕೊಂಡಿದ್ದಳು. ಏಟು ಬಿದ್ದದ್ದು ಬೇರೆ ಕಡೆ. ನೆಲ ನೋಡುತ್ತ ಹೇಳಿದಳು.

"ಜಾಸ್ತಿ ಏನೂ ಹೇಳ್ಲಿಲ್ಲ. ನೀನು ಕೆಳಗಿಳಿಸು ಅಂತ ಒದ್ದಾಡ್ತಿದ್ದೆ, ಬಾಗಿಲಿಗೆ ನೀನೂ ಹೊಡೀತಿದ್ದೆ. ಅವಳು ನಗ್ತಾ ಇದ್ದಳು. ಅಕ್ಕಾ, ಇವಳಿಗೆ ಥೇಟ್ ನಿನ್ನ ಥರಾನೇ ಸಿಟ್ಟು ಬರುತ್ತೆ, ಬಂದು ನೋಡು, ಅಂದಳು. ಇನ್ನೊಂದು ಸಲ, ಬಂದು ನೋಡೇ, ಅಂದಳು. ಅಷ್ಟೇ."

 ಹುಡುಗಿ ಮೇಜಿನ ಮೇಲಿದ್ದ ಕಂಡಕ್ಟರನ ಹಾಳೆ, ಕರಾರು ಪತ್ರ, ಅಚ್ಚಾಗಿ ಬಂದಿದ್ದ ಹಿಂದಿನ ಅಧ್ಯಾಯಗಳು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ದೊಡ್ಡಮ್ಮನ ಮುಖದ ಮೇಲೆ ಎಸೆದಳು. ಹಾಳೆಗಳು ಅಂಗಡಿಯ ತುಂಬ ಹಾರಿ ಬಿದ್ದವು. ಬಾಗಿಲಲ್ಲಿ ಇಣುಕಿದ ಮಾಲೀಕ ಒಳಗೆ ಬರಲು ಧೈರ್ಯವಾಗದೆ ಹಿಂದೆ ಸರಿದ. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಕೂತು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಜೋರಾಗಿ ಅತ್ತಳು.

ಕಡ್ಡಿಪೆಟ್ಟಿಗೆ ಎನ್ನಿಸಿಕೊಂಡವಳು ಸ್ಟೂಲಿನಿಂದ ಇಳಿದು, ಮೊಣಕಾಲೂರಿ, ಯಂತ್ರದ ಕೆಳಗೆ ಹೋಗಿದ್ದನ್ನೂ ಎಳೆದು, ಹಾಳೆಗಳನ್ನು ಒಂದೊಂದಾಗಿ ಆರಿಸಿದಳು. ಕರಾರು ಪತ್ರ ಬೇರೆ, ಅಧ್ಯಾಯಗಳು ಬೇರೆ ಮಾಡಿ, ಪುಟದ ಸಂಖ್ಯೆ ನೋಡಿ ಜೋಡಿಸಿದಳು. ಕಂಡಕ್ಟರನ ನಾಲ್ಕು ಹಾಳೆಗಳನ್ನು ತನ್ನ ನಾಲ್ಕನೆಯ ಅಧ್ಯಾಯದ ಬೆನ್ನಿಗೇ ಇಟ್ಟು, ಅಂಚು ಸರಿಮಾಡಿ, ಮೊದಲಿದ್ದಂತೆ ಟೈಪಿಗೆ ಸಿಗುವ ಹಾಗೆ ಹುಡುಗಿಯ ಎಡಗಡೆ ಮೇಜಿನ ಮೇಲಿಟ್ಟಳು.